ಒಂದೂವರೆ ಸ್ಪೀಡಿನಲ್ಲಿ ‘ನಾಗರಹಾವು’ ನೋಡಿದ ಮಗಳಿಗೆ

ಪುಟ್ಟಿ,

ನಿನ್ನೆ ಫೋನ್ ಮಾಡಿದಾಗ ‘ನಾಗರಹಾವು’ ನೋಡಿದೆ ಅಮ್ಮಾ, ತುಂಬಾ ನಿಧಾನ ಅಂತ ಒಂದೂವರೆ ಸ್ಪೀಡಿಗಿಟ್ಟು ಮುಗಿಸಿದೆ ಅಂದೆಯಲ್ಲ, ಆಗ ಪಾತ್ರೆ ತೊಳೆಯುತ್ತಿದ್ದೆ, ಸುಮ್ನೆ ಹೂಂ ಅಂದೆ. ಆಮೇಲೆ ನಿದ್ದೆ ಬರಲಿಲ್ಲ ನೋಡು.

ಸ್ಲೋ ಮೋಷನ್‌ನಲ್ಲಿ ತೆಗೆದ ‘ಬಾರೇ ಬಾರೇ’ ಹಾಡನ್ನೂ ಓಡಿಸಿಬಿಟ್ಟೆಯಾ? ಅಯ್ಯೋ ಹುಡುಗಿ! ಅದು 1972ರ ಸಿನಿಮಾ. ಆಗ ಸ್ಲೋ ಮೋಷನ್ ಅಂದರೆ ಮೊಬೈಲಿನಲ್ಲಿ ಬಟನ್ ಒತ್ತುವ ಕೆಲಸ ಆಗಿರಲಿಲ್ಲ. ಸೆಕೆಂಡಿಗೆ 24 ಚಿತ್ರ ತೆಗೆಯುವ ಕ್ಯಾಮೆರಾವನ್ನು ಇನ್ನೂ ಜೋರಾಗಿ ಓಡಿಸಬೇಕು. 48 ತೆಗೆದು, 24ರ ಲೆಕ್ಕದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಓಟ ಪರದೆಯ ಮೇಲೆ ಎರಡು ಸೆಕೆಂಡ್ ಆಗುತ್ತದೆ. ರೀಲೂ ಎರಡರಷ್ಟು ಖರ್ಚು. ಪುಟ್ಟಣ್ಣ ಕಣಗಾಲ್ ಮತ್ತು ಕ್ಯಾಮೆರಾಮನ್ ಚಿಟ್ಟಿಬಾಬು ಹಾಡನ್ನು ಹಾಗೆ ತೇಲಿಸಿಟ್ಟರೆ ನೀನು ಅದನ್ನು ಮತ್ತೆ ನೆಲಕ್ಕಿಳಿಸಿ ಓಡಿಸಿದೆ.

ಪಿ.ಬಿ. ಶ್ರೀನಿವಾಸ್ ದನಿ ಆ ಹಾಡಿನಲ್ಲಿ ಎಲ್ಲೂ ಕೂಗುವುದಿಲ್ಲ, ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ. ಅದೇ ನಾಯಕ ರಾಮಾಚಾರಿಗೆ ಸಿಟ್ಟು ಬಂದಾಗ, ‘ಹಾವಿನ ದ್ವೇಷ’ದಲ್ಲಿ, ಎಸ್ಪಿಬಿ ಹಾಡುತ್ತಾರೆ. ಒಬ್ಬನೇ ಹುಡುಗ, ಪ್ರೀತಿಗೊಂದು ದನಿ, ಕೋಪಕ್ಕೊಂದು ದನಿ. ವಿಜಯಭಾಸ್ಕರ್ ಸಂಗೀತದಲ್ಲಿ ಅದು ಎಷ್ಟು ಸಲೀಸಾಗಿ ಬೆರೆತಿದೆ ಅಂದರೆ ನನಗೆ ನಾಲ್ಕೈದು ಸಲ ನೋಡಿದ ಮೇಲೆ ಹೊಳೆಯಿತು. (ರಾಮಾಚಾರಿ ಆ ಅಲಮೇಲು ಹಿಂದೆ ಬೀಳುವ ರೀತಿ ಈಗ ನನಗೂ ಸರಿ ಅನಿಸುವುದಿಲ್ಲ, ಅದಕ್ಕೆ ಜಗಳ ಬೇಡ.)

ಇನ್ನು ಚಿತ್ರದುರ್ಗದ ಬಂಡೆಗಳು. ಆಗ ಕನ್ನಡದಲ್ಲಿ ಕಪ್ಪು ಬಿಳುಪು ಸಿನಿಮಾಗಳೇ ಜಾಸ್ತಿ, ಇದು ಕಲರ್. ಬಿಸಿಲಿಗೆ ಕಾದ ಆ ಬಂಡೆಗಳ ಬಣ್ಣ ನಾನು ಮೊದಲು ನೋಡಿದ್ದು ಪರದೆಯ ಮೇಲೆ, ಊರು ನೋಡಿದ್ದು ಆಮೇಲೆ. ಅಷ್ಟು ದೊಡ್ಡ ಕಲ್ಲುಗಳ ನಡುವೆ ರಾಮಾಚಾರಿಯಾಗಿ ವಿಷ್ಣುವರ್ಧನ್ ನಿಂತರೆ ಎಷ್ಟೇ ಎದೆಯುಬ್ಬಿಸಿದರೂ ಚಿಕ್ಕ ಹುಡುಗನ ಹಾಗೆ ಕಾಣುತ್ತಾನೆ. ನನಗೆ ಅವನ ಮೇಲೆ ಪಾಪ ಅನಿಸಿದ್ದು ಯಾವ ಡೈಲಾಗಿನಿಂದಲೂ ಅಲ್ಲ, ಅದರಿಂದ.

ಓಬವ್ವನ ಹಾಡು ಮಾತ್ರ ಬೇರೆಯೇ. ಕೋಟೆ ಇಡೀ ಅಷ್ಟು ಅಗಲ ತೋರಿಸಿದ ಕ್ಯಾಮೆರಾ ಅಲ್ಲಿ ಒಂದು ಕಿಂಡಿಯ ಮುಂದೆ ಬಂದು ನಿಲ್ಲುತ್ತದೆ. ಒಬ್ಬ ಮನುಷ್ಯ ತೂರುವಷ್ಟೇ ಜಾಗ. ಜಯಂತಿ ಕೈಯಲ್ಲಿ ಒನಕೆ. ‘ಕನ್ನಡ ನಾಡಿನ ವೀರ ರಮಣಿಯ’ ಅಂತ ಪಿಬಿಎಸ್ ಲಾವಣಿ ಹೇಳುವವರ ಹಾಗೆ ಕಥೆ ಹೇಳುತ್ತಾ ಹೋಗುತ್ತಾರೆ. ಅಲಮೇಲುವಿಗೆ ಹಾಡಿದ ಅದೇ ಗಂಟಲು! 2018ರಲ್ಲಿ ಹೊಸ ಸೌಂಡ್ ಹಾಕಿ ಮತ್ತೆ ಥಿಯೇಟರಿಗೆ ಬಿಟ್ಟಾಗ ನಾನು, ನಿಮ್ಮಪ್ಪ ಹೋಗಿದ್ದೆವು, ನೀನು ಟೆಸ್ಟ್ ಇದೆ ಅಂತ ಬರಲಿಲ್ಲ. ಆ ಹಾಡು ಬಂದಾಗ ನಿಮ್ಮಪ್ಪ ಪಾಪ್‌ಕಾರ್ನ್ ತಿನ್ನುವುದನ್ನೇ ಬಿಟ್ಟಿದ್ದರು. ಕೇಳಿದರೆ ಒಪ್ಪುವುದಿಲ್ಲ.

ದಸರಾ ರಜೆಗೆ ಬಾ, ದುರ್ಗಕ್ಕೆ ಹೋಗೋಣ. ಬೆಳಿಗ್ಗೆಯೇ ಹತ್ತಬೇಕು, ಮಧ್ಯಾಹ್ನವಾದರೆ ಬಂಡೆ ಕಾದು ಕೂರಲೂ ಆಗುವುದಿಲ್ಲ. ಕಿಂಡಿಯಲ್ಲಿ ನೀನು ಆ ಕಡೆಯಿಂದ ತೂರು, ನಾನು ಈ ಕಡೆ ನಿಂತಿರುತ್ತೇನೆ. ಮನೆಯಲ್ಲಿ ಒನಕೆ ಇಲ್ಲ, ಲಟ್ಟಣಿಗೆ ತರುತ್ತೇನೆ.

ನಿನ್ನ ಅಮ್ಮ