ಭಾನುವಾರದ ಸೈಕಲ್ ಸ್ಪರ್ಧೆಯ ಬಗ್ಗೆ ಅಪ್ಪಾಜಿಗೆ

ಲಿಯೇಜ್, ಬೆಲ್ಜಿಯಂ
24 ಏಪ್ರಿಲ್ 2025

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಮೈಸೂರಿನಲ್ಲಿ ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮನ ಮೊಬೈಲಿಗೆ ಈ ಪತ್ರ ಕಳಿಸುತ್ತಿದ್ದೇನೆ, ಅವನು ಓದಿ ಹೇಳಲಿ.

ಬರುವ ಭಾನುವಾರ ಲಿಯೇಜ್–ಬಾಸ್ತೋನ್–ಲಿಯೇಜ್ ಸ್ಪರ್ಧೆ. 1892ರಲ್ಲಿ ಆರಂಭವಾದ ಇದನ್ನು ಇಲ್ಲಿಯವರು ‘ಹಿರಿಯಾಕೆ’ ಎಂದೇ ಕರೆಯುತ್ತಾರೆ. ದೂರ 252 ಕಿ.ಮೀ., ಅಂದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಮರಳಿ ಮಂಡ್ಯ ಮುಟ್ಟಿದಷ್ಟು. ಅಷ್ಟನ್ನೂ ಒಂದೇ ದಿನದಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೀರಿದ ಏರುಗಳ ಸಮೇತ ತುಳಿದು ಮುಗಿಸಬೇಕು. ದಕ್ಷಿಣದ ಬಾಸ್ತೋನ್‌ವರೆಗೆ ದಾರಿ ಅಷ್ಟು ಕಠಿಣವಲ್ಲ. ದಿಣ್ಣೆಗಳಲ್ಲಿ ಹೆಚ್ಚಿನವು ಮರಳುವ ದಾರಿಯಲ್ಲಿ, ಕಾಲು ಆಗಲೇ ಸೋತಿರುವಾಗ, ಒಂದರ ಹಿಂದೊಂದು ಎದುರಾಗುತ್ತವೆ.

ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಪಾದದಲ್ಲೇ ನಾನು ಓಡಲು ಹೊರಟರೆ, ‘ನಂದಿಯವರೆಗಾದರೂ ಉಸಿರು ಉಳಿಸಿಕೊಳ್ಳಮ್ಮ’ ಎಂದು ನೀವು ಕೈ ಹಿಡಿದು ನಿಲ್ಲಿಸುತ್ತಿದ್ದಿರಿ. ಈ ಸ್ಪರ್ಧೆಯ ಗುಟ್ಟೂ ಅದೇ. ಬಯಲಿನಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಗಾಳಿಯ ಹೊಡೆತ ತಪ್ಪಿ ಎಷ್ಟೋ ಶ್ರಮ ಉಳಿಯುತ್ತದೆ. ಏಳು ಜನರ ತಂಡದಲ್ಲಿ ಉಳಿದ ಆರು ಮಂದಿ ತಮ್ಮ ನಾಯಕನಿಗಾಗಿ ಹೀಗೆ ಗಾಳಿಗೆ ಎದೆಯೊಡ್ಡುತ್ತಾರೆ. ಆದರೆ ಕಡಿದಾದ ಏರಿನಲ್ಲಿ ವೇಗ ಇಳಿದೊಡನೆ ಆ ಆಸರೆ ಬಹುಮಟ್ಟಿಗೆ ಇಲ್ಲವಾಗಿ, ಪ್ರತಿಯೊಬ್ಬನೂ ತನ್ನ ಕಾಲನ್ನೇ ನಂಬಬೇಕಾಗುತ್ತದೆ.

ಅಂಥ ಏರು ಲಾ ರೆದೂತ್. ಕಳೆದ ವಾರ ರೆಮೂಶಾಂ ಹಳ್ಳಿಯಿಂದ ಅದನ್ನು ನಡೆದೇ ಹತ್ತಿದೆ. ಉದ್ದ ಎರಡು ಕಿ.ಮೀ. ಮೀರದಿದ್ದರೂ ಮೇಲ್ಭಾಗದಲ್ಲಿ ರಸ್ತೆ ಎಷ್ಟು ಕಡಿದೆಂದರೆ, ಹಿಮ್ಮಡಿ ಊರಲಾಗದೆ ಬೆರಳ ತುದಿಯ ಮೇಲೆಯೇ ಹೆಜ್ಜೆ ಇಡಬೇಕಾಯಿತು. ಡಾಂಬರಿನ ತುಂಬ ಬಿಳಿ ಬಣ್ಣದಲ್ಲಿ ‘ಫಿಲ್, ಫಿಲ್’ ಎಂದು ಬರೆದಿದ್ದಾರೆ. 2011ರಲ್ಲಿ ಈ ಸ್ಪರ್ಧೆಯನ್ನು ಗೆದ್ದ ಫಿಲಿಪ್ ಜಿಲ್ಬೇರ್ ಈ ಏರಿನ ಬುಡದಲ್ಲೇ ಬೆಳೆದವರು. ನಿವೃತ್ತರಾದ ಮೇಲೂ ಊರಿನವರಿಗೆ ಆ ಅಭಿಮಾನ ಮಾಸಿಲ್ಲ. ಹತ್ತಿರದ ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬರು ಭಾನುವಾರಕ್ಕೆಂದು ಆಗಲೇ ಕುರ್ಚಿಗಳನ್ನು ಒರೆಸಿಡುತ್ತಿದ್ದರು.

ಕಳೆದ ನಾಲ್ಕು ವರ್ಷಗಳನ್ನು ಇಬ್ಬರೇ ಹಂಚಿಕೊಂಡಿದ್ದಾರೆ: 2021 ಮತ್ತು 2024ರಲ್ಲಿ ಸ್ಲೊವೇನಿಯಾದ ತಡೇಯ್ ಪೊಗಾಚಾರ್, ನಡುವಿನ ಎರಡು ವರ್ಷ ಬೆಲ್ಜಿಯಂನವರೇ ಆದ ರೆಮ್ಕೊ ಎವನೆಪೋಲ್. ಹೋದ ವರ್ಷ ಪೊಗಾಚಾರ್ ಇದೇ ಲಾ ರೆದೂತ್‌ನಲ್ಲಿ, ಗುರಿಗೆ ಮೂವತ್ತು ಕಿ.ಮೀ.ಗೂ ಹೆಚ್ಚು ಉಳಿದಿರುವಾಗ, ಎಲ್ಲರನ್ನೂ ಹಿಂದೆ ಬಿಟ್ಟು ಒಂಟಿಯಾಗಿ ಹೊರಟವರು ಮತ್ತೆ ಕೈಗೆ ಸಿಗಲಿಲ್ಲ. ನಿನ್ನೆ ಯುಯಿ ಊರಿನ ಗೋಡೆಯಂಥ ಏರಿನಲ್ಲಿಯೂ ಅವರೇ ಗೆದ್ದರು. ಆದರೂ ಅವರನ್ನು ಮಣಿಸಲಾಗದು ಎನ್ನಲಾರೆ, ಏಕೆಂದರೆ ಕಳೆದ ಭಾನುವಾರ ನೆದರ್ಲೆಂಡ್ಸ್‌ನ ಸ್ಪರ್ಧೆಯಲ್ಲಿ ಹೀಗೆಯೇ ಒಂಟಿಯಾಗಿ ಹೋದ ಪೊಗಾಚಾರ್ ಅವರನ್ನು ಎವನೆಪೋಲ್ ಮತ್ತು ಡೆನ್ಮಾರ್ಕಿನ ಸ್ಕೆಲ್ಮೋಸ್ ಹಿಂದಟ್ಟಿ ಹಿಡಿದರು, ಕೊನೆಯ ಓಟದಲ್ಲಿ ಸ್ಕೆಲ್ಮೋಸ್ ಗೆದ್ದರು.

ನನ್ನ ಮನಸ್ಸು ಮಾತ್ರ ಎವನೆಪೋಲ್ ಕಡೆಗಿದೆ. ಡಿಸೆಂಬರಿನಲ್ಲಿ ಅಭ್ಯಾಸದ ವೇಳೆ ವಾಹನವೊಂದರ ತೆರೆದ ಬಾಗಿಲಿಗೆ ಬಡಿದು ಪಕ್ಕೆಲುಬು, ಹೆಗಲ ಮೂಳೆ, ಕೈ ಮುರಿದುಕೊಂಡ ಅವರು ಈ ತಿಂಗಳಷ್ಟೇ ಕಣಕ್ಕೆ ಮರಳಿ, ಮೊದಲ ಸ್ಪರ್ಧೆಯನ್ನೇ ಗೆದ್ದರು. ಆದರೆ ತಿಂಗಳುಗಟ್ಟಲೆ ಅಭ್ಯಾಸ ತಪ್ಪಿದ ಮೈ ಆರು ಗಂಟೆಗೂ ಮಿಕ್ಕಿ ದುಡಿದ ಮೇಲೆ ಏನು ಹೇಳುತ್ತದೋ ಎಂಬ ಆತಂಕ ನನಗಿದೆ. ಲಾ ರೆದೂತ್‌ನಲ್ಲಿ ಅವರು ಪೊಗಾಚಾರ್ ಜೊತೆ ಉಳಿದರೆ, ತೀರ್ಮಾನ ಗುರಿಗೆ ಹದಿಮೂರು ಕಿ.ಮೀ. ಮುಂಚಿನ ರೋಶ್ ಓ ಫೋಕೋನ್ ಏರಿನಲ್ಲಿ ಆಗುತ್ತದೆ. ಉಳಿಯದಿದ್ದರೆ ಪೊಗಾಚಾರ್ ಅವರದೇ ಗೆಲುವು.

ಅಂದು ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಲಾ ರೆದೂತ್ ಹತ್ತಿ, ಆ ಅಜ್ಜಿಯ ಮನೆಯ ಎದುರು ನಿಲ್ಲುತ್ತೇನೆ. ಸ್ಪರ್ಧೆ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ರಾತ್ರಿಯಾಗಿರುತ್ತದೆ. ಮಲಗದೆ ಕಾದಿರಿ, ಫೋನ್ ಮಾಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು