ಲ್ಯಾಬಿನಿಂದ ಬೊಮ್ಮಸಂದ್ರಕ್ಕೆ: ಜೊತೆಗಿದ್ದವರಿಗೆ ಒಂದು ಥ್ಯಾಂಕ್ಸ್

ಕಳೆದ ಶುಕ್ರವಾರ ನನ್ನ ಪ್ರೊಬೇಷನ್ ಮುಗಿಯಿತು. ಬೊಮ್ಮಸಂದ್ರದ ಒಂದು ಬಯೋಫಾರ್ಮಾ ಕಂಪನಿಯಲ್ಲಿ ಈಗ ನನ್ನ ಕೆಲಸ ಕಾಯಂ. ಪತ್ರ ಕೈಗೆ ಬಂದಾಗ ಒಂದಷ್ಟು ಮುಖಗಳು ಕಣ್ಣ ಮುಂದೆ ಬಂದವು.

ಪಿಎಚ್‌ಡಿ ಆದ ಮೇಲೆ ನಾಲ್ಕು ವರ್ಷ ಪೋಸ್ಟ್‌ಡಾಕ್, ಅಂದರೆ ಲ್ಯಾಬಿನಲ್ಲಿ ತಾತ್ಕಾಲಿಕ ಸಂಶೋಧನಾ ಕೆಲಸ. ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ್ದೇ ಹಾಕಿದ್ದು. 2023ರಲ್ಲಿ ನಮ್ಮಂಥವರಿಗೆ ಸಿಗುವ ರಿಸರ್ಚ್ ಅಸೋಸಿಯೇಟ್ ಫೆಲೋಶಿಪ್ ತಿಂಗಳಿಗೆ 47,000ದಿಂದ 58,000 ರೂಪಾಯಿಗೆ ಏರಿದಾಗ ಲ್ಯಾಬಿನಲ್ಲಿ ಸ್ವೀಟ್ ಹಂಚಿದ್ದೆವು. ಆಮೇಲೊಮ್ಮೆ ಐದು ತಿಂಗಳು ದುಡ್ಡೇ ಬರಲಿಲ್ಲ. ಅಷ್ಟೂ ತಿಂಗಳು ನನ್ನ ಬಾಡಿಗೆ ಕಟ್ಟಿದ್ದು ತಂಗಿ.

ಕಂಪನಿಗೆ ಹೋಗುತ್ತೇನೆ ಅಂತ ಗೈಡ್‌ಗೆ ಹೇಳುವ ಮುಂಚೆ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಮೇಡಂ ಪೂರ್ತಿ ಕೇಳಿಸಿಕೊಂಡರು. "ಸಿವಿ ತೆಗಿ" ಅಂದರು, ಅಷ್ಟೇ. ಒಂದು ಮಧ್ಯಾಹ್ನ ಪೂರ್ತಿ ಪಕ್ಕದಲ್ಲೇ ಕೂತು ಹನ್ನೊಂದು ಪುಟವನ್ನು ಎರಡಕ್ಕೆ ಇಳಿಸಿದರು. ಪೇಪರ್‌ಗಳ ಪಟ್ಟಿ ಕೆಳಗೆ ಹೋಯಿತು. ಸೆಲ್ ಕಲ್ಚರ್ (ಕೋಶ ಬೆಳೆಸೋದು), ಪ್ರೊಟೀನ್ ಶುದ್ಧೀಕರಣ, ಎಚ್‌ಪಿಎಲ್‌ಸಿ (ದ್ರಾವಣದಲ್ಲಿರೋದನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮೇಲೆ ಬಂದವು. ಮೇಡಂ, ಆ ಮಧ್ಯಾಹ್ನವನ್ನು ನಾನು ಮರೆಯೋದಿಲ್ಲ.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದ, ಔಷಧಿಯ ಪ್ರೊಟೀನ್ ತಯಾರಿಸಲು ಬಳಸುವ ಚೋ (CHO) ಕೋಶಗಳೇ ಇಲ್ಲೂ ಇವೆ. ಅಮೆರಿಕದ ವಿಜ್ಞಾನಿ ಥಿಯೋಡರ್ ಪಕ್ 1957ರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ಬೆಳೆಸಿದ ಕೋಶಗಳ ವಂಶ ಅದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹತ್ತು ದಿನ, ಭಾನುವಾರವೂ ಬಿಡದೆ, ಆ ಕೋಶಗಳಿದ್ದ ನನ್ನ ಫ್ಲಾಸ್ಕ್‌ಗಳನ್ನು ನೋಡಿಕೊಂಡ ಗೆಳತಿಗೆ ನಾನು ಆಗ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಅಲ್ಲಿ ಐದು ಮಿಲಿಗ್ರಾಂ ಶುದ್ಧ ಪ್ರೊಟೀನ್ ಸಿಕ್ಕರೆ ನಮಗೆ ಹಬ್ಬ. ಇಲ್ಲಿ ಗ್ರಾಂ ಲೆಕ್ಕ. ಕೆಲಸ ಬೇಗ ಹಿಡಿತಕ್ಕೆ ಬಂತು, ಬರೆಯೋದು ಬರಲಿಲ್ಲ. ಮೊದಲ ವಾರವೇ ಬ್ಯಾಚ್ ರೆಕಾರ್ಡ್‌ನಲ್ಲಿ (ಔಷಧಿ ತಯಾರಿಯ ಪ್ರತಿ ಹಂತವನ್ನೂ ಬರೆದಿಡುವ ದಾಖಲೆ) ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 3.6 ಅಂತ ಬರೆದಿದ್ದನ್ನು, ಅದರ ಮೇಲೆಯೇ ಪೆನ್ ಓಡಿಸಿ 3.5 ಮಾಡಿಬಿಟ್ಟೆ. ಶಿಫ್ಟ್‌ನ ಹಿರಿಯ ಟೆಕ್ನಿಷಿಯನ್ ಯಾರ ಮುಂದೆಯೂ ಏನೂ ಅನ್ನಲಿಲ್ಲ. ಪಕ್ಕಕ್ಕೆ ಕರೆದು ಒಂದು ಹಾಳೆಯಲ್ಲಿ ತೋರಿಸಿಕೊಟ್ಟರು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು. "ಇದು ಯಾರದೋ ಮೈಗೆ ಹೋಗೋ ಔಷಧಿ ಅಲ್ವಾ ಮೇಡಂ" ಅಂದರು. ಆ ಹಾಳೆ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ನನಗೆ ಇಲ್ಲಿ ಸಿಕ್ಕ ಮೊದಲ ಗುರು ಅವರು.

ಯಾರಾದರೂ ಹೀಗೆ ಹೊರಡಲೋ ಬೇಡವೋ ಅಂತ ಯೋಚಿಸುತ್ತಿದ್ದರೆ ಸಿವಿ ಹಿಡಿದು ಬನ್ನಿ. ಜೊತೆಗೆ ಕೂರುತ್ತೇನೆ.

ತಂಗೀ, ಐದು ತಿಂಗಳ ಬಾಡಿಗೆ ನಿನ್ನ ಅಕೌಂಟಿಗೆ ಹಾಕಿದ್ದೇನೆ. ದಯವಿಟ್ಟು ವಾಪಸ್ ಕಳಿಸಬೇಡ.