ಮಗಳಿಗೊಂದು ಪತ್ರ: ಕೆಳಮನೆಯ ಅಜ್ಜಿಯನ್ನು ಕಾಫಿಗೆ ಕರೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ "ಬೆಳಗಿನಿಂದ ಕೂಸಿನ ಜೊತೆ ಬಿಟ್ಟರೆ ಯಾರೊಡನೆಯೂ ಮಾತನಾಡಿಲ್ಲ ಅಮ್ಮ" ಎಂದೆಯಲ್ಲ, ಆ ಮಾತು ಎದೆಯಲ್ಲೇ ಕೂತಿದೆ. ವೀಸಾದ 90 ದಿನ ಮುಗಿದು ನಾನು ಹೊರಟು ಬಂದೆ. ಅಳಿಯಂದಿರ ರಜೆಯೂ ತೀರಿತು. ನಾಲ್ಕೂವರೆಗೆಲ್ಲ ಕತ್ತಲಾಗುವ ಡಿಸೆಂಬರಿನಲ್ಲಿ, ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ನಿನ ಆ ಮೂರನೇ ಮಹಡಿಯಲ್ಲಿ ನೀನು ಒಬ್ಬಳೇ.

ನೀನು ಹುಟ್ಟಿದಾಗ ಸಾಗರದ ತವರುಮನೆಯಲ್ಲಿ ನನಗೆ ಮೂರು ತಿಂಗಳು ಬಾಣಂತನ. ಎಣ್ಣೆ ತಿಕ್ಕಿ ನೀರು ಹಾಕಲು ನಿನ್ನ ಅಜ್ಜಿ, ಬಾಣಂತಿ ಅಡುಗೆಗೆ ದೊಡ್ಡಮ್ಮ, ರಾತ್ರಿ ನಿನ್ನನ್ನು ಎತ್ತಿಕೊಂಡು ತಿರುಗಲು ಚಿಕ್ಕಮ್ಮ. ಯಾರನ್ನೂ ನಾನು ಕರೆಯಲಿಲ್ಲ. ಕರೆಯುವ ಪ್ರಸಂಗವೇ ಬರಲಿಲ್ಲ.

ಅಲ್ಲಿ ಕ್ರಾಮ್‌ಜೋರ್ಗ್ ಎಂಬ ಬಾಣಂತನದ ಸೇವೆಯಿಂದ ಒಬ್ಬ ದಾದಿ ಬರುತ್ತಾಳೆ, ಹೆರಿಗೆಯಾದ ಮನೆಗೆ ಸುಮಾರು 8 ದಿನ ಬಂದು ತಾಯಿ ಮಗುವನ್ನು ನೋಡಿಕೊಳ್ಳುವುದು ಆ ದೇಶದ ಪದ್ಧತಿ ಎಂದು ನೀನು ಹೇಳಿದಾಗ, ನಾನಿರುವಾಗ ಅವಳೇಕೆ ಎನಿಸಿತ್ತು. ಊರಿನಿಂದ ಹೊಲಿದು ತಂದ ಸಾಸಿವೆ ದಿಂಬನ್ನು ಆಕೆ ತೊಟ್ಟಿಲಿನಿಂದ ತೆಗೆದಿಟ್ಟಳು. ಕೂಸಿಗೆ ಉಸಿರು ಕಟ್ಟಬಹುದು, ಅಂಗಾತ ಮಲಗಿಸಬೇಕು, ದಿಂಬೇ ಇರಬಾರದು ಎಂದಳು. ಸಾಂಬ್ರಾಣಿ ಹೊಗೆಯೂ ಬೇಡ ಎಂದಳು. ಎರಡು ದಿನ ನಾನು ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ಹಾಲು ಕಟ್ಟಿ, ಎದೆ ಕಲ್ಲಾಗಿ ನೀನು ಅತ್ತೆ. ಆಕೆ ನಿನ್ನ ಪಕ್ಕದಲ್ಲಿ ಕೂತವಳು ಕೂಸು ಸರಿಯಾಗಿ ಬಾಯಿ ಹಾಕಿ ಕುಡಿಯುವವರೆಗೂ ಏಳಲಿಲ್ಲ. ನನ್ನ ಅಮ್ಮನೂ ಹಾಗೆಯೇ ಕೂತಿದ್ದಳು.

ಆಮೇಲೆ ಆಕೆ ಬೆಣ್ಣೆ ಸವರಿದ ದುಂಡನೆಯ ರಸ್ಕಿನ ಮೇಲೆ ಗುಲಾಬಿ, ಬಿಳಿ ಸಕ್ಕರೆ ಕಾಳು ಉದುರಿಸಿ ಕೊಟ್ಟಳು. ಹೆಣ್ಣು ಮಗು ಹುಟ್ಟಿದ ಮನೆಯ ಸಿಹಿಯಂತೆ. ಕಚ್ಚಿದರೆ ಸೋಂಪಿನ ಪರಿಮಳ! ಹಾಲು ಹೆಚ್ಚಲಿ ಎಂದು ಅವರ ಹಿರಿಯರೂ ಬಾಣಂತಿಗೆ ಅದನ್ನು ತಿನ್ನಿಸುತ್ತಿದ್ದರಂತೆ. ನಾನು ಒಳಗಿನಿಂದ ಓಮದ ಡಬ್ಬಿ ತಂದು ತೋರಿಸಿದೆ. ಸಾಸಿವೆ ದಿಂಬನ್ನು ಅಂದೇ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟೆ.

ಅಲ್ಲಿಯ ಜನ ಕಲ್ಲುಮನಸ್ಸಿನವರಲ್ಲ ಪುಟ್ಟಿ. ಹೇಳದೆ ಕೇಳದೆ ಇನ್ನೊಬ್ಬರ ಮನೆ ಹೊಕ್ಕುವುದು ಅವರ ರೂಢಿಯಲ್ಲ, ಅಷ್ಟೇ. ದಿನ, ಗಂಟೆ ಗೊತ್ತುಮಾಡಿ ಕರೆದರೆ ಬರುತ್ತಾರೆ. ಕೂಸು ಹುಟ್ಟಿದ ವಾರ ಕೆಳಮನೆಯ ಅಜ್ಜಿ ಬಾಗಿಲ ಬಳಿ ಶುಭಾಶಯದ ಕಾರ್ಡು ಇಟ್ಟು ಹೋಗಿದ್ದರಲ್ಲ, ಅವರನ್ನು ಕಾಫಿಗೆ ಕರೆ. ತೂಕ ನೋಡಿಸಲು ಕನ್ಸಲ್ಟಾಟಿಬ್ಯೂರೋಗೆ, ಆ ಮಕ್ಕಳ ಆರೋಗ್ಯ ಕೇಂದ್ರಕ್ಕೆ, ಹೋದಾಗ ಪಕ್ಕದಲ್ಲಿ ಕೂತ ತಾಯಿಯ ಹೆಸರು ಕೇಳು. ನಿನಗೆ ಸಂಕೋಚ, ನನಗೆ ಗೊತ್ತು. ಯಾರ ಮುಂದೆಯೂ ಕೈ ಚಾಚಬೇಡ ಎಂದು ಕಲಿಸಿದವಳು ನಾನೇ. ಅದು ದುಡ್ಡಿಗೆ ಹೇಳಿದ ಮಾತು ಮಗಳೆ. "ಅರ್ಧ ಗಂಟೆ ಕೂಸನ್ನು ಎತ್ತಿಕೊಳ್ಳಿ, ತಲೆಗೆ ನೀರು ಹಾಕಿಕೊಂಡು ಬರುತ್ತೇನೆ" ಎನ್ನುವುದಕ್ಕಲ್ಲ.

ವಿಟಮಿನ್ ಡಿ ಹನಿಯನ್ನು ದಿನವೂ ಮರೆಯದೆ ಹಾಕು. ಮೆಂತ್ಯದ ಹಿಟ್ಟು ಮೇಲಿನ ಕಪಾಟಿನಲ್ಲಿದೆ. ಅಲ್ಲಿ ರಾತ್ರಿ ಒಂದೂವರೆಯಾದಾಗ ಇಲ್ಲಿ ಆರು ಗಂಟೆ, ನಾನು ಎದ್ದು ಹಾಲು ಕಾಯಿಸುತ್ತಿರುತ್ತೇನೆ. ಕೂಸು ಆ ಹೊತ್ತಿಗೆ ಎಬ್ಬಿಸಿದರೆ ಫೋನ್ ಮಾಡು.

ನಿನ್ನ ಅಮ್ಮ